ಎಲೆಕ್ಟ್ರಾನುಗಳ ಸಾಮೂಹಿಕ ಸ್ಪಂದನ: ಇಪ್ಪತ್ತು ವರ್ಷಗಳ ಜಮಾ-ಖರ್ಚು

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ವಿದ್ಯುತ್ ಮಾರ್ಗ ಚಾಲೂ ಆಯಿತು. ಅಲ್ಲಿಯವರೆಗೆ ದಕ್ಷಿಣದ ರಾಜ್ಯಗಳ ವಿದ್ಯುತ್ ಜಾಲದ್ದೇ ಒಂದು ಲಯ, ಉಳಿದ ದೇಶದ ಜಾಲದ್ದೇ ಇನ್ನೊಂದು ಲಯ. 2012ರ ಜುಲೈ ಕೊನೆಯಲ್ಲಿ ಉತ್ತರ ಮತ್ತು ಪೂರ್ವ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಪಾರಾದದ್ದು ಹೀಗೆ ಬೇರೆಯಾಗಿದ್ದುದರಿಂದ. ರಾಯಚೂರಿನ ತಂತಿ ಸೊಲ್ಲಾಪುರಕ್ಕೆ ಕೂಡಿದ ಮೇಲೆ ಇಡೀ ದೇಶದ ವಿದ್ಯುತ್ತು ಒಂದೇ ಆವರ್ತನಕ್ಕೆ ಬಂತು. ಸೊಲ್ಲಾಪುರದ ಪವರ್‌ಲೂಮ್ ಶೆಡ್ಡಿನ ತಂತಿಯಲ್ಲಾಗಲಿ, ಅಕ್ಕಲಕೋಟೆ ತಾಲೂಕಿನ ಬಾವಿ ಮೋಟಾರಿನ ತಂತಿಯಲ್ಲಾಗಲಿ ಎಲೆಕ್ಟ್ರಾನುಗಳು ದೂರದ ಪ್ರಯಾಣವನ್ನೇನೂ ಮಾಡುವುದಿಲ್ಲ. ಇದ್ದಲ್ಲೇ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ ಅಂತರದಲ್ಲಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತವೆ. ಓಲಾಟ ಚಿಕ್ಕದು, ಆದರೆ ಅದು ಎಲ್ಲ ಎಲೆಕ್ಟ್ರಾನುಗಳ ಕೂಡು ಓಲಾಟ. ಮಗ್ಗ ನಡೆಯುವುದು, ನೀರು ಮೇಲೆ ಬರುವುದು ಅದರಿಂದಲೇ.

ಈ ಸಿಂಹಾವಲೋಕನದ ವಿಷಯವೂ ಎಲೆಕ್ಟ್ರಾನುಗಳ ಕೂಡು ಓಲಾಟವೇ. ಜಾಗ ಮಾತ್ರ ಬೇರೆ, ವೇಗವೂ ಬೇರೆ. ಉಗುರಿನಷ್ಟು ಹರಳಿನ ಮೇಲ್ಮೈಯಲ್ಲಿ, ಸೆಕೆಂಡಿಗೆ ಲಕ್ಷ ಕೋಟಿ ಸಲ ಮತ್ತು ಅದಕ್ಕೂ ಹೆಚ್ಚು ಸಲ ನಡೆಯುವ ಸ್ಪಂದನವಿದು. ಹರಳೂ ಸಾಮಾನ್ಯದ್ದಲ್ಲ, ‘ಟೊಪಾಲಜಿಕಲ್’ ಎಂಬ ವಿಶೇಷಣ ಹೊತ್ತದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಕೇನ್ ಮತ್ತು ಯೂಜೀನ್ ಮೆಲೆ ಎಂಬವರು ಇಂಥ ವಸ್ತುಗಳ ಸಿದ್ಧಾಂತ ಮಂಡಿಸಿದ್ದು 2005ರಲ್ಲಿ. ವಿಶ್ವಸಂಸ್ಥೆ ಕ್ವಾಂಟಂ ವಿಜ್ಞಾನದ ವರ್ಷವೆಂದು ಸಾರಿದ 2025ಕ್ಕೆ ಆ ಸಿದ್ಧಾಂತಕ್ಕೆ ಇಪ್ಪತ್ತು ತುಂಬಿತು. ಕೊಟ್ಟ ಮಾತೆಷ್ಟು, ನಡೆದದ್ದೆಷ್ಟು, ಅದರಲ್ಲಿ ನಮ್ಮ ಪಾಲೆಷ್ಟು ಎಂದು ಲೆಕ್ಕ ಹಚ್ಚಲು ಇದು ತಕ್ಕ ಹೊತ್ತು.

ಹಳೆಯ ಬಾಕಿ, ಹೊಸ ವಸ್ತು

ಲೋಹದೊಳಗಿನ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎಣಿಸಿದರೆ ಸಾಲದು ಎಂಬ ಅರಿವು ಹೊಸದಲ್ಲ. 1950ರ ದಶಕದ ಮೊದಲ ವರ್ಷಗಳಲ್ಲಿ ಡೇವಿಡ್ ಬೋಮ್ ಮತ್ತು ಡೇವಿಡ್ ಪೈನ್ಸ್ ಅದನ್ನು ಗಣಿತದಲ್ಲಿ ತೋರಿಸಿದರು. ಎಲೆಕ್ಟ್ರಾನುಗಳ ಗುಂಪು ತನ್ನ ಜಾಗದಿಂದ ಕೊಂಚ ಸರಿದರೆ ಹಿಂದೆ ಉಳಿದ ಧನ ಅಯಾನುಗಳು ಅದನ್ನು ಎಳೆಯುತ್ತವೆ. ಗುಂಪು ಮರಳುತ್ತದೆ, ಬಂದ ರಭಸಕ್ಕೆ ಆಚೆ ದಾಟುತ್ತದೆ, ಮತ್ತೆ ಮರಳುತ್ತದೆ. ಈ ಸಾಮೂಹಿಕ ಕಂಪನಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಎಲೆಕ್ಟ್ರಾನುಗಳ ಸಾಂದ್ರತೆ ನಾಲ್ಕು ಪಟ್ಟಾದರೆ ಕಂಪನದ ಆವರ್ತನ ಎರಡು ಪಟ್ಟಾಗುತ್ತದೆ. ಆ ಆವರ್ತನಕ್ಕಿಂತ ಕೆಳಗಿನ ಬೆಳಕನ್ನು ಲೋಹ ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಕಳಿಸುತ್ತದೆ. ಬೆಳ್ಳಿ ಹೊಳೆಯುವುದು ಇದರಿಂದ. ಆಕಾಶದ ಅಯಾನುಗೋಳಕ್ಕೆ ತಾಗಿ ಶಾರ್ಟ್‌ವೇವ್ ರೇಡಿಯೋ ಅಲೆ ಭೂಮಿಗೆ ಮರಳುವುದೂ ಇದೇ ನಿಯಮದಿಂದ.

ಟೊಪಾಲಜಿಕಲ್ ಅವಾಹಕ ಬಂದ ಮೇಲೆ ಈ ಹಳೆಯ ಪ್ರಶ್ನೆಗೆ ಹೊಸ ನೆಲೆ ಸಿಕ್ಕಿತು. ಇದು ಒಳಗೆ ವಿದ್ಯುತ್ತು ಹರಿಯಗೊಡದ, ಮೇಲ್ಮೈಯಲ್ಲಿ ಮಾತ್ರ ಹರಿಯಬಿಡುವ ವಸ್ತು. ಯಾಕೆ ಹಾಗೆ ಎಂಬುದಕ್ಕೆ ನಮ್ಮೂರು ಸೊಲ್ಲಾಪುರದ ಟವೆಲ್ ಸಾಕು. ಟವೆಲ್ಲಿನ ಒಂದು ಉದ್ದ ಪಟ್ಟಿ ತೆಗೆದುಕೊಂಡು, ಒಂದು ತುದಿಯನ್ನು ಅರ್ಧ ಸುತ್ತು ತಿರುವಿ, ಇನ್ನೊಂದು ತುದಿಗೆ ಹೊಲಿಯಿರಿ. ಒಗೆಯಿರಿ, ಹಿಂಡಿರಿ, ಎಳೆದಾಡಿರಿ. ಆ ತಿರುವು ಹೋಗುವುದಿಲ್ಲ. ಹೋಗಬೇಕಾದರೆ ಹೊಲಿಗೆ ಬಿಚ್ಚಲೇಬೇಕು. ಈ ಹರಳುಗಳ ಒಳಗಿನ ಎಲೆಕ್ಟ್ರಾನ್ ಅಲೆಗಳಲ್ಲಿ ಇಂಥದೇ ಒಂದು ಗಣಿತದ ತಿರುವಿದೆ. ಹೊರಗಿನ ಗಾಳಿಯಲ್ಲಿ ಅದು ಇಲ್ಲ. ತಿರುವಿನ ಲೋಕ ಮುಗಿದು ತಿರುವಿಲ್ಲದ ಲೋಕ ಶುರುವಾಗುವ ಗಡಿಯಲ್ಲಿ, ಎಲೆಕ್ಟ್ರಾನುಗಳ ಹರಿವನ್ನು ತಡೆಯುವ ಶಕ್ತಿಯ ಅಂತರ ಮುಚ್ಚಲೇಬೇಕು. ಮುಚ್ಚಿದಲ್ಲಿ ವಿದ್ಯುತ್ತು ಹರಿಯುತ್ತದೆ. ಆದ್ದರಿಂದ ಮೇಲ್ಮೈ ವಾಹಕ. ಕೊಳೆ, ಗೀರು, ಸಣ್ಣಪುಟ್ಟ ದೋಷ ಇದನ್ನು ಅಳಿಸಲಾರವು.

2007ರಲ್ಲಿ ಜರ್ಮನಿಯ ವ್ಯೂರ್ತ್ಸ್‌ಬುರ್ಗ್‌ನಲ್ಲಿ ಲೌರೆನ್ಸ್ ಮೋಲೆನ್‌ಕಾಂಪ್ ತಂಡ ಪಾದರಸ-ಟೆಲ್ಯುರೈಡ್ ಪದರದಲ್ಲಿ ಇಂಥ ಅಂಚಿನ ಹರಿವನ್ನು ಅಳೆಯಿತು. 2009ರಲ್ಲಿ ಬಿಸ್ಮತ್ ಸೆಲೆನೈಡ್ ಎಂಬ ಸರಳ ಸಂಯುಕ್ತವೂ ಟೊಪಾಲಜಿಕಲ್ ಅವಾಹಕವೆಂದು ಪ್ರಿನ್ಸ್‌ಟನ್ನಿನಲ್ಲಿ, ಢಾಕಾದಲ್ಲಿ ಹುಟ್ಟಿದ ಜಾಹಿದ್ ಹಸನ್ ಅವರ ತಂಡ ಕಂಡುಕೊಂಡಿತು. ಅದರ ಮೇಲ್ಮೈ ಎಲೆಕ್ಟ್ರಾನುಗಳಿಗೆ ಒಂದು ಕಟ್ಟುಪಾಡಿದೆ. ಎತ್ತ ಚಲಿಸುತ್ತವೆಯೋ ಅದಕ್ಕೆ ತಕ್ಕಂತೆ ಅವುಗಳ ಸ್ಪಿನ್ನಿನ, ಅಂದರೆ ಒಳಗಿನ ಪುಟ್ಟ ಕಾಂತತ್ವದ, ದಿಕ್ಕು ಗೊತ್ತಾಗಿರುತ್ತದೆ. ಬಲಕ್ಕೆ ಹೋಗುವುದರ ಸ್ಪಿನ್ ಒಂದು ಕಡೆ, ಎಡಕ್ಕೆ ಹೋಗುವುದರದು ಇನ್ನೊಂದು ಕಡೆ.

ಮೊದಲ ಐದಾರು ವರ್ಷ ಎಲ್ಲರೂ ಒಂಟಿ ಎಲೆಕ್ಟ್ರಾನಿನ ಚಿತ್ರವನ್ನೇ ಬಿಡಿಸುತ್ತಿದ್ದರು. ಇವು ಗುಂಪಾಗಿ ಓಲಾಡಿದರೆ ಏನಾದೀತು ಎಂಬ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರಲ್ಲಿ ಶ್ರೀನಿವಾಸ್ ರಘು ಮತ್ತು ಸಂಗಡಿಗರು ಮುಖ್ಯರು. ಅವರ 2010ರ ಲೇಖನದ ವಾದ ಸರಳ. ಚಲನೆಗೂ ಸ್ಪಿನ್ನಿಗೂ ಗಂಟು ಬಿದ್ದಿರುವಾಗ, ವಿದ್ಯುದಂಶ ಓಲಾಡಿದರೆ ಸ್ಪಿನ್ನೂ ಜೊತೆಗೆ ಓಲಾಡಲೇಬೇಕು. ಇದಕ್ಕೆ ಸ್ಪಿನ್-ಪ್ಲಾಸ್ಮಾನ್ ಎಂದರು. ಮುಂದಿನ ದಶಕದ ಹುಡುಕಾಟಕ್ಕೆ ದಾರಿ ಹಾಕಿಕೊಟ್ಟದ್ದು ಈ ಮಾತು.

ಜಮೆಯ ಬದಿ

ಮೊದಲ ಜಮೆ 2013ರದು. ರೋಮಿನ ಸಪಿಯೆಂಜಾ ವಿಶ್ವವಿದ್ಯಾಲಯದಲ್ಲಿ ಸ್ಟೆಫಾನೊ ಲೂಪಿ ತಂಡ ಬಿಸ್ಮತ್ ಸೆಲೆನೈಡಿನ ತೆಳುಪದರವನ್ನು ಸೂಕ್ಷ್ಮ ಪಟ್ಟಿಗಳಾಗಿ ಕೊರೆಯಿತು. ಅತಿ ಕಿರಿದಾದ ಪಟ್ಟಿಯ ಅಗಲ 2 ಮೈಕ್ರೋಮೀಟರ್, ಅತಿ ಅಗಲವಾದದ್ದು 20. ಮೇಲೆ ಟೆರಾಹರ್ಟ್ಸ್ ಬೆಳಕು ಬಿಟ್ಟಾಗ ಪ್ರತಿ ಅಗಲದ ಪಟ್ಟಿಯೂ ತನ್ನದೇ ಆವರ್ತನದ ಬೆಳಕನ್ನು ಹೀರಿತು. ಪಟ್ಟಿಯ ಅಗಲ ನಾಲ್ಕರಲ್ಲೊಂದು ಪಾಲಾದರೆ ಆವರ್ತನ ಎರಡು ಪಟ್ಟು. ಎರಡು ಆಯಾಮದ ಪ್ಲಾಸ್ಮಾನ್ ಹೇಗೆ ವರ್ತಿಸಬೇಕೋ ಹಾಗೆಯೇ. ಮೇಲ್ಮೈ ಎಲೆಕ್ಟ್ರಾನುಗಳು ಕೂಡಿ ಸ್ಪಂದಿಸುತ್ತವೆ ಎಂಬುದಕ್ಕೆ ಇದು ಮೊದಲ ಪ್ರಬಲ ಸಾಕ್ಷಿ.

ಎರಡನೆಯದು ಒಂದು ‘ಇಲ್ಲ’. 2015ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪೀಟರ್ ಅಬ್ಬಮಾಂಟೆ ಅವರ ತಂಡ ರಘು ಹೇಳಿದ ಸ್ಪಿನ್-ಪ್ಲಾಸ್ಮಾನನ್ನೇ ಹುಡುಕಲು ಹೊರಟಿತು. ಹರಳಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಅವು ಕಳೆದುಕೊಂಡ ಶಕ್ತಿಯನ್ನು ಅಳೆಯುವ ವಿಧಾನ ಅವರದು. ಸಿಕ್ಕಿದ ಮುಖ್ಯ ಕಂಪನ ಹರಳಿನ ಒಳಭಾಗದ ಎಲೆಕ್ಟ್ರಾನುಗಳಿಂದ ಹುಟ್ಟಿದ ಮೇಲ್ಮೈ ಪ್ಲಾಸ್ಮಾನ್ ಆಗಿತ್ತು, ಹುಡುಕಿದ್ದು ಸಿಗಲಿಲ್ಲ. ಅದನ್ನು ಅವರು ಹಾಗೆಯೇ ಪ್ರಕಟಿಸಿದರು. ಈ ‘ಇಲ್ಲ’ ಜಮೆಯ ಬದಿಗೇ ಸೇರಬೇಕು. ಯಾಕೆಂದರೆ ಮುಂದಿನವರು ಎಲ್ಲಿ ನೋಡಬಾರದು ಎಂಬುದನ್ನು ಅದು ಹೇಳಿತು.

2017ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಗಿರ್ಶ್ ಬ್ಲುಂಬರ್ಗ್ ತಂಡ ಬೇರೆ ಬಾಗಿಲಿನಿಂದ ಒಳಗೆ ಹೋಯಿತು. ಬಿಸ್ಮತ್ ಸೆಲೆನೈಡಿನ ಮೇಲೆ ಧ್ರುವೀಕೃತ ಲೇಸರ್ ಬೆಳಕು ಬಿಟ್ಟು, ಚದುರಿ ಬಂದ ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಎಂದು ಅಳೆಯಿತು. 150 ಮಿಲಿ-ಎಲೆಕ್ಟ್ರಾನ್‌ವೋಲ್ಟ್ ಬಳಿ ಚೂಪಾದ ಶಿಖರವೊಂದು ಕಂಡಿತು. ಅದು ವಿದ್ಯುದಂಶದ ಓಲಾಟವಲ್ಲ, ಮೇಲ್ಮೈ ಎಲೆಕ್ಟ್ರಾನುಗಳ ಸ್ಪಿನ್‌ಗಳ ಸಾಮೂಹಿಕ ಓಲಾಟ. ರಘು ಊಹಿಸಿದ್ದು ಅಚ್ಚಾಗಿ ಇದೇ ಅಲ್ಲ. ಆದರೆ ಟೊಪಾಲಜಿಕಲ್ ಮೇಲ್ಮೈಯಲ್ಲಿ ಸ್ಪಿನ್‌ಗಳು ಗುಂಪಾಗಿ ಸ್ಪಂದಿಸುತ್ತವೆ ಎಂಬುದು ಖಚಿತವಾಯಿತು. ಬಳಸಿದ ವಿಧಾನ ರಾಮನ್ ಚದುರಿಕೆ. 1928ರ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರ ಮುಂದೆ ಸಿ.ವಿ. ರಾಮನ್ ವಿವರಿಸಿದ ಅದೇ ವಿದ್ಯಮಾನ. 2024ರಲ್ಲಿ ಚೀನಾದ ನಾಂಜಿಂಗ್ ವಿಶ್ವವಿದ್ಯಾಲಯದ ತಂಡ ಮತ್ತು ಸಂಗಡಿಗರು, ಬಲವಾದ ಕಾಂತಕ್ಷೇತ್ರಕ್ಕೆ ಸಿಕ್ಕ ಎಲೆಕ್ಟ್ರಾನುಗಳ ಕ್ವಾಂಟಂ ಹಾಲ್ ದ್ರವದಲ್ಲಿ, ಗುರುತ್ವದ ಕಣವೆಂದು ಊಹಿಸಿರುವ ‘ಗ್ರಾವಿಟಾನ್’ ಹೋಲುವ ಸಾಮೂಹಿಕ ಕಂಪನದ ಗುರುತು ಹಿಡಿದದ್ದೂ ಬೆಳಕಿನ ಚದುರಿಕೆಯಿಂದಲೇ. ಸುಮಾರು ನೂರು ವರ್ಷದ ಉಪಕರಣವಿದ್ಯೆ ಇಂದಿಗೂ ಮುಂಚೂಣಿಯಲ್ಲಿದೆ.

ಈ ನಡುವೆ ಕ್ಷೇತ್ರ ಅವಾಹಕಗಳನ್ನು ದಾಟಿ ಬೆಳೆದಿತ್ತು. 2015ರಲ್ಲಿ ಟ್ಯಾಂಟಲಮ್ ಆರ್ಸೆನೈಡ್ ಎಂಬ ವೈಲ್ ಅರೆಲೋಹ, ಅಂದರೆ ಒಳಭಾಗವೂ ವಾಹಕವಾಗಿರುವ ಟೊಪಾಲಜಿಕಲ್ ವಸ್ತು, ದೊರೆಯಿತು. 2016ರ ಭೌತವಿಜ್ಞಾನದ ನೊಬೆಲ್, ವಸ್ತುಗಳಲ್ಲಿ ಟೊಪಾಲಜಿಯನ್ನು ಗುರುತಿಸಿದ ಥೌಲೆಸ್, ಹಾಲ್ಡೇನ್, ಕೋಸ್ಟರ್‌ಲಿಟ್ಜ್ ಅವರಿಗೆ ಹೋಯಿತು. 2018ರಲ್ಲಿ ಪ್ಲಾಟಿನಂ ಟೆಲ್ಯುರೈಡಿನಲ್ಲಿ ಮೂರು ಆಯಾಮದ ಡಿರಾಕ್ ಪ್ಲಾಸ್ಮಾನ್ ಕಂಡ ತಂಡದಲ್ಲಿ ಇಟಲಿ ಮತ್ತು ತೈವಾನಿನವರ ಜೊತೆ ಕಾನ್ಪುರ ಐಐಟಿಯ ಅಮಿತ್ ಅಗರ್ವಾಲ್ ಮತ್ತು ಸಂಗಡಿಗರಿದ್ದರು. 2023ರಲ್ಲಿ ಪೈನ್ಸ್ ಅವರ ಇನ್ನೊಂದು ಊಹೆ ನಿಜವಾಯಿತು. ಎರಡು ಬಗೆಯ ಎಲೆಕ್ಟ್ರಾನುಗಳು ಎದುರುಬದಿರಾಗಿ ಓಲಾಡಿ ಒಂದರ ವಿದ್ಯುದಂಶವನ್ನು ಇನ್ನೊಂದು ಮರೆಮಾಡುವ, ಬೆಳಕಿಗೆ ಕಾಣದ ಕಂಪನವನ್ನು ಅವರು 1956ರಲ್ಲಿ ‘ಡೀಮನ್’ ಎಂದು ಕರೆದಿದ್ದರು. ಸ್ಟ್ರಾನ್ಷಿಯಂ ರುಥೆನೇಟಿನಲ್ಲಿ ಅದು ಸಿಕ್ಕಿದಾಗ 67 ವರ್ಷ ಸಂದಿದ್ದವು. ಹಿಡಿದವರು 2015ರಲ್ಲಿ ‘ಇಲ್ಲ’ ಎಂದಿದ್ದ ಅದೇ ಅಬ್ಬಮಾಂಟೆ ತಂಡ. ಸಾಧನವೂ ಅದೇ ಎಲೆಕ್ಟ್ರಾನ್ ಚದುರಿಕೆ. ಆ ವಸ್ತುವನ್ನು ಟೊಪಾಲಜಿಯ ಖಾತೆಗೆ ಹಾಕುವುದು ಸರಿಯಲ್ಲ, ಆದರೆ ಸಾಧನ ಪಳಗಿದ್ದು ಈ ಖಾತೆಯಲ್ಲಿ.

2023 ಮತ್ತು 2024ರ ಸುದ್ದಿ ಎಲ್ಲಕ್ಕೂ ದೊಡ್ಡದು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತಿರುಚಿ ಜೋಡಿಸಿದ ಮಾಲಿಬ್ಡಿನಂ ಟೆಲ್ಯುರೈಡ್ ಪದರಗಳಲ್ಲಿ, ಬಳಿಕ ಎಂಐಟಿಯಲ್ಲಿ ಐದು ಪದರದ ಗ್ರಾಫೀನಿನಲ್ಲಿ, ಹೊರಗಿನ ಕಾಂತಕ್ಷೇತ್ರವಿಲ್ಲದೆಯೇ ಭಿನ್ನರಾಶಿ ಕ್ವಾಂಟಂ ಹಾಲ್ ಪರಿಣಾಮ ಕಂಡಿತು. ಎಲೆಕ್ಟ್ರಾನನ್ನು ಯಾರೂ ಒಡೆದಿಲ್ಲ. ಅಸಂಖ್ಯ ಎಲೆಕ್ಟ್ರಾನುಗಳು ಕೂಡಿ ವರ್ತಿಸಿದಾಗ ಅವುಗಳ ನಡುವೆ ಏಳುವ ಅಲೆಗೆ ಎಲೆಕ್ಟ್ರಾನಿನ ಮೂರನೆಯ ಒಂದು ಪಾಲಿನಂಥ ವಿದ್ಯುದಂಶ ಬರುತ್ತದೆ. ಒಂಟಿ ಎಲೆಕ್ಟ್ರಾನಿನ ಚಿತ್ರ ಎಷ್ಟು ಚೆಂದವಿದ್ದರೂ ಇದನ್ನು ಅದು ಹೇಳಲಾರದು. ಟೊಪಾಲಜಿ ಒಂದು ಕಡೆ, ಸಮೂಹ ಇನ್ನೊಂದು ಕಡೆ ಎಂದು ಬೇರೆಬೇರೆಯಾಗಿ ಓದುವ ಕಾಲ ಇಲ್ಲಿಗೆ ಮುಗಿಯಿತು.

ಖರ್ಚಿನ ಬದಿ

ಇನ್ನು ಖರ್ಚು. ಟೊಪಾಲಜಿಕಲ್ ವಸ್ತು ಬಂದರೆ ಶಾಖ ವ್ಯರ್ಥವಾಗದ ಚಿಪ್ಪು ಬರುತ್ತದೆ, ತಪ್ಪು ಮಾಡದ ಕ್ವಾಂಟಂ ಕಂಪ್ಯೂಟರ್ ಬರುತ್ತದೆ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಅಂಗಡಿಯಲ್ಲಿ ಅಂಥ ಒಂದು ಸಾಮಾನೂ ಇಲ್ಲ. ಮೊದಲ ಅಡ್ಡಿ ಹರಳೇ. ಬಿಸ್ಮತ್ ಸೆಲೆನೈಡ್ ಬೆಳೆಯುವಾಗ ಸೆಲೆನಿಯಂ ಪರಮಾಣುಗಳು ಅಲ್ಲಲ್ಲಿ ತಪ್ಪಿಸಿಕೊಂಡು ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗಗಳು ಒಳಭಾಗಕ್ಕೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತವೆ. ಪುಸ್ತಕದಲ್ಲಿ ಅವಾಹಕವಾದದ್ದು ಕೈಯಲ್ಲಿ ಹಿಡಿದಾಗ ಕಳಪೆ ಲೋಹ. 2015ರ ‘ಇಲ್ಲ’ಕ್ಕೆ ಮೂಲ ಇದೇ. ಎರಡನೆಯ ಅಡ್ಡಿ ಪ್ಲಾಸ್ಮಾನಿನ ಆಯುಸ್ಸು. ಟೊಪಾಲಜಿ ಒಂಟಿ ಎಲೆಕ್ಟ್ರಾನು ಹಿಮ್ಮುಖವಾಗಿ ತಿರುಗದಂತೆ ಕಾಯುತ್ತದೆ. ಸಾಮೂಹಿಕ ಕಂಪನ ಸೋರಿ ಶಾಖವಾಗುವುದನ್ನು ಅದೇ ಮಟ್ಟಿಗೆ ಕಾಯುವುದಿಲ್ಲ. ಜನಪ್ರಿಯ ಬರಹಗಳು ಈ ವ್ಯತ್ಯಾಸವನ್ನು ಹೇಳದೇ ಬಿಟ್ಟಿವೆ.

ಮೂರನೆಯದು ಅವಸರ. ಮಯೊರಾನಾ ಎಂಬ ವಿಚಿತ್ರ ಸ್ಪಂದನವನ್ನು ಕಂಡೆವೆಂದು ನೆದರ್ಲೆಂಡ್ಸಿನ ಡೆಲ್ಫ್ಟ್ ತಂಡ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ 2021ರಲ್ಲಿ ಹಿಂದಕ್ಕೆ ಹೋಯಿತು. ಅದೇ ಬಗೆಯ 2017ರ ‘ಸೈನ್ಸ್’ ಲೇಖನ 2022ರಲ್ಲಿ ಹಿಂದಕ್ಕೆ ಹೋಯಿತು. ಮೈಕ್ರೋಸಾಫ್ಟ್ 2025ರ ಫೆಬ್ರವರಿಯಲ್ಲಿ ‘ಮಯೊರಾನಾ 1’ ಚಿಪ್ಪನ್ನು ಸಾರಿದಾಗ ಭೌತವಿಜ್ಞಾನಿಗಳಲ್ಲಿ ಅನೇಕರು ಪುರಾವೆ ಸಾಲದೆಂದರು. ಆಕ್ಸಿಯಾನ್ ಎಂಬ ಇನ್ನೊಂದು ಸಾಮೂಹಿಕ ಕಂಪನದ ಕತೆಯೂ ಹೀಗೇ ಏಳುಬೀಳಿನದು. ಅದು ಸಿಕ್ಕಿತೆಂಬ 2019ರ ಘೋಷಣೆಯ ಬಗ್ಗೆ ಬಳಿಕ ಪ್ರಶ್ನೆಗಳೆದ್ದವು. 2025ರಲ್ಲಿ ಹಾರ್ವರ್ಡಿನ ತಂಡ ಮ್ಯಾಂಗನೀಸ್ ಬಿಸ್ಮತ್ ಟೆಲ್ಯುರೈಡಿನಲ್ಲಿ, ಬೇರೆ ವಿಧಾನದಿಂದ, ಹೆಚ್ಚು ಗಟ್ಟಿಯಾದ ಸಾಕ್ಷಿ ಕೊಟ್ಟಿದೆ. ಹಿಂತೆಗೆತ ಅವಮಾನವೇನಲ್ಲ, ತಪ್ಪನ್ನು ತಪ್ಪೆಂದು ಬರೆಯುವ ವ್ಯವಸ್ಥೆ ಜೀವಂತವಿದೆ ಎಂಬುದಕ್ಕೆ ಸಾಕ್ಷಿ. ಆದರೆ ಸಾಬೀತಿಗೆ ಮೊದಲೇ ಸಂಭ್ರಮ ಮಾಡಿದ ಖರ್ಚು ಈ ಕ್ಷೇತ್ರದ ಲೆಕ್ಕದಲ್ಲಿ ಉಳಿದೇ ಇರುತ್ತದೆ.

ನಮ್ಮ ನೆಲದ ಪಾಲು

ಈ ಕತೆಯಲ್ಲಿ ಕರ್ನಾಟಕದ ಪಾಲು ಕಡಿಮೆಯದ್ದಲ್ಲ. 2013ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್, ಜವಾಹರಲಾಲ್ ನೆಹರೂ ಕೇಂದ್ರದ ಉಮೇಶ್ ವಾಘ್ಮಾರೆ ಮತ್ತು ಸಂಗಡಿಗರು ಆಂಟಿಮನಿ ಸೆಲೆನೈಡನ್ನು ಒತ್ತಡಕ್ಕೆ ಸಿಕ್ಕಿಸಿ, ಸಾಮಾನ್ಯ ಅವಾಹಕ ಟೊಪಾಲಜಿಕಲ್ ಆಗುವ ಗುರುತನ್ನು ರಾಮನ್ ಚದುರಿಕೆಯಲ್ಲಿ ಹಿಡಿದರು. 2019ರಲ್ಲಿ ವಿಜ್ಞಾನ ಸಂಸ್ಥೆಯದೇ ಅನಿಂದ್ಯ ದಾಸ್ ತಂಡ ಗ್ರಾಫೀನಿನ ಅಂಚಿನಲ್ಲಿ ಶಾಖ ಕೂಡ ಕ್ವಾಂಟಂ ಪಾಲುಗಳಲ್ಲಿ ಹರಿಯುವುದನ್ನು ಅಳೆಯಿತು. 2025ರಲ್ಲಿ ಅಲ್ಲಿನ ಅರಿಂದಮ್ ಘೋಷ್ ತಂಡ ಅತಿ ಶುದ್ಧ ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿರದೆ ದ್ರವವಾಗಿ ಹರಿಯುವುದನ್ನು ತೋರಿಸಿತು. ಶಾಖ ಮತ್ತು ವಿದ್ಯುತ್ತಿನ ವಾಹಕತೆಗಳನ್ನು ಕಟ್ಟಿಹಾಕುವ ಹಳೆಯ ಲೋಹ ನಿಯಮ ಅಲ್ಲಿ 200 ಪಟ್ಟಿಗೂ ಮೀರಿ ಮುರಿದಿತ್ತು. 2023ರ ಏಪ್ರಿಲ್‌ನಲ್ಲಿ ಮಂಜೂರಾದ ₹6,003 ಕೋಟಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ನಾಲ್ಕು ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ, ಇನ್ನೊಂದು ಮುಂಬಯಿಯಲ್ಲಿ. ನಾವಿರುವುದು ಎರಡರ ನಡುವೆ.

ಸೊಲ್ಲಾಪುರದ ಕಾಲೇಜುಗಳು 2004ರವರೆಗೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ವಿಶ್ವವಿದ್ಯಾಲಯ ರಾಸಾಯನಿಕ ದ್ರಾವಣದಿಂದ ತೆಳುಪದರ ಬೆಳೆಸುವುದರಲ್ಲಿ ಹೆಸರಾದದ್ದು. ವಿಧಾನ ಅಗ್ಗದ್ದು: ಒಂದು ಬೀಕರು, ಬಿಸ್ಮತ್ ಲವಣ, ಸೆಲೆನಿಯಂ ಕೊಡುವ ದ್ರಾವಣ, ಅದರಲ್ಲಿ ನೆಟ್ಟಗೆ ನಿಲ್ಲಿಸಿದ ಗಾಜಿನ ಪಟ್ಟಿ. ಕೆಲವು ಗಂಟೆ ಕಾದರೆ ಗಾಜಿನ ಮೇಲೆ ಕಪ್ಪು ಪದರ ಕೂಡುತ್ತದೆ. ಹೀಗೆ ಬೆಳೆದ ಪದರಗಳಲ್ಲಿ ಬಿಸ್ಮತ್ ಸೆಲೆನೈಡೂ ಇತ್ತು, ಅದೂ 2009ಕ್ಕೆ ಎಷ್ಟೋ ವರ್ಷ ಮೊದಲು. ಆಗ ಹುಡುಕುತ್ತಿದ್ದದ್ದು ಸೂರ್ಯನ ಬೆಳಕಿನಿಂದ ವಿದ್ಯುತ್ತು. ಮೇಲ್ಮೈಯ ವಿಶೇಷ ಇಡೀ ಜಗತ್ತಿಗೇ ಗೊತ್ತಿರಲಿಲ್ಲ. ಅಂಥ ಬಹುಹರಳಿನ ಪದರದಲ್ಲಿ ಅದು ಕಾಣುವುದೂ ಸುಲಭವಿರಲಿಲ್ಲ. ಯಾರನ್ನೂ ದೂರುವ ಮಾತಲ್ಲ ಇದು. ಅದರ ಸೋದರ ಬಿಸ್ಮತ್ ಟೆಲ್ಯುರೈಡ್ ಅಂತೂ 1950ರ ದಶಕದಿಂದಲೇ ತಂಪುಕಾರಕ ಪೆಲ್ಟಿಯರ್ ತಟ್ಟೆಗಳಲ್ಲಿದೆ. ಇಂದಿಗೂ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ವಸ್ತು ದುಬಾರಿಯಲ್ಲ, ದೂರದ್ದೂ ಅಲ್ಲ. ಅದನ್ನು ಕೇಳಬೇಕಾದ ಪ್ರಶ್ನೆಯೇ ನಮ್ಮ ಪಠ್ಯಕ್ರಮಕ್ಕೆ ದೂರ.

ಇಂದು ಪ್ರಶ್ನೆ ಕೇಳಲು ದೊಡ್ಡ ಯಂತ್ರಗಳೇ ಬೇಕೆಂದಿಲ್ಲ. 2019ರಲ್ಲಿ ಮೂರು ತಂಡಗಳು ಗೊತ್ತಿರುವ ಹರಳುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜರಡಿ ಹಿಡಿದು ಸಾವಿರಾರು ಟೊಪಾಲಜಿಕಲ್ ವಸ್ತುಗಳ ಪಟ್ಟಿ ಮಾಡಿದವು. 2022ರ ವಿಸ್ತೃತ ಲೆಕ್ಕದ ಪ್ರಕಾರ ಪರೀಕ್ಷಿಸಿದ ವಸ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟೊಪಾಲಜಿಕಲ್, ಸುಮಾರು ಶೇ. 88ರಲ್ಲಿ ಅಂಥ ಒಂದಾದರೂ ಎಲೆಕ್ಟ್ರಾನ್ ಶಕ್ತಿಪಟ್ಟೆ (ಬ್ಯಾಂಡ್) ಇದೆ. ಅಪರೂಪದ್ದೆಂದು ಶುರುವಾದದ್ದು ಸರ್ವೇಸಾಮಾನ್ಯವೆಂದು ತಿಳಿಯಿತು. ಆ ಪಟ್ಟಿ ಎಲ್ಲರಿಗೂ ತೆರೆದಿದೆ. ಎಲೆಕ್ಟ್ರಾನ್ ರಚನೆ ಲೆಕ್ಕ ಹಾಕುವ ‘ಕ್ವಾಂಟಂ ಎಸ್ಪ್ರೆಸೊ’ ತಂತ್ರಾಂಶ ಉಚಿತ. ಆದರೆ ಪಟ್ಟಿ ಹೇಳುವುದು ಒಂಟಿ ಎಲೆಕ್ಟ್ರಾನಿನ ಕತೆ. ಆ ಸಾವಿರಾರು ವಸ್ತುಗಳಲ್ಲಿ ಸಾಮೂಹಿಕ ಕಂಪನ ಹೇಗಿದೆ ಎಂಬುದನ್ನು ಅಳೆದದ್ದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಮುಂದಿನ ಇಪ್ಪತ್ತು ವರ್ಷದ ಕೆಲಸ ಅಲ್ಲೇ ಇದೆ, ಸೊಲ್ಲಾಪುರದ ಎಂ.ಎಸ್ಸಿ. ವಿದ್ಯಾರ್ಥಿಯೂ ಅದರಲ್ಲಿ ಒಂದು ತುಣುಕನ್ನು ಎತ್ತಿಕೊಳ್ಳಬಹುದು.

ಅದಕ್ಕೆ ಮುಂಚೆ ದಾಟಬೇಕಾದ ಹೊಸ್ತಿಲು ಒಂದಿದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಎಷ್ಟೋ ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾರೆ. ಪುಣೆಯ ಬಾಲಭಾರತಿ ಹತ್ತನೆಯ ತರಗತಿವರೆಗೆ ವಿಜ್ಞಾನದ ಪುಸ್ತಕವನ್ನು ಅವರಿಗೆ ಕನ್ನಡದಲ್ಲಿಯೇ ಅಚ್ಚು ಹಾಕಿ ಕೊಡುತ್ತದೆ. ಹನ್ನೊಂದಕ್ಕೆ ಕಾಲಿಟ್ಟೊಡನೆ ವಿಜ್ಞಾನವೆಲ್ಲ ಇಂಗ್ಲಿಷು, ಸುತ್ತಲ ಮಾತು ಮರಾಠಿ. ಓಮ್‌ನ ನಿಯಮವನ್ನು ಚೆನ್ನಾಗಿ ಬಲ್ಲ ಹುಡುಗಿಯೂ ಎಲೆಕ್ಟ್ರಾನ್ ಪಟ್ಟೆಗಳ ಅಧ್ಯಾಯದ ಹೊತ್ತಿಗೆ ಕಂಠಪಾಠಕ್ಕೆ ಇಳಿಯುತ್ತಾಳೆ. 1950ರಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯ ಸಾಹಿತ್ಯ ಸಮ್ಮೇಳನಕ್ಕೆ ಮನೆಯಾದ ಊರು ಸೊಲ್ಲಾಪುರ. ಮಂಡ್ಯ ಸಮ್ಮೇಳನದ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆಯವರನ್ನು ಕೊಟ್ಟ ಊರು. ಕವಿತೆ, ವಚನ, ಪುರಾಣಕ್ಕೆ ಇಲ್ಲಿ ಕನ್ನಡ ಕೊರತೆಯಾಗಿಲ್ಲ. ವಿಜ್ಞಾನಕ್ಕೆ ಮಾತ್ರ ಹತ್ತನೆಯ ತರಗತಿಗೇ ಗೆರೆ ಎಳೆದುಕೊಂಡಿದ್ದೇವೆ.

ಒಟ್ಟು ಲೆಕ್ಕ ಹೀಗಿದೆ. ಟೊಪಾಲಜಿಕಲ್ ವಸ್ತುಗಳ ಸಿದ್ಧಾಂತ ಗಟ್ಟಿ ನಿಂತಿದೆ. ಅವುಗಳ ಎಲೆಕ್ಟ್ರಾನುಗಳು ಕೂಡಿ ಸ್ಪಂದಿಸುತ್ತವೆ ಎಂಬುದು ಪ್ರಯೋಗದಲ್ಲಿ ಸಾಬೀತಾಗಿದೆ. ಅದರಿಂದ ಉಪಯೋಗದ ಸಾಧನ ಮಾಡುತ್ತೇವೆಂಬ ಮಾತು ಇನ್ನೂ ಸಾಲದ ಪುಸ್ತಕದಲ್ಲಿದೆ. ಕ್ಷೇತ್ರಕ್ಕೆ ಈ ಎರಡು ದಶಕ ನಷ್ಟದ್ದಲ್ಲ. ನಮ್ಮ ಗಡಿನಾಡಿನ ತರಗತಿಗಳಿಗೆ ಮಾತ್ರ ಅವು ಬರಿದೇ ಕಳೆದವು. ಸೊಲ್ಲಾಪುರ, ಅಕ್ಕಲಕೋಟೆಯ ಕಾಲೇಜುಗಳ ಭೌತವಿಜ್ಞಾನ ಅಧ್ಯಾಪಕರಲ್ಲಿ ನಮ್ಮ ಕೇಳಿಕೆ ಎರಡೇ. ಹತ್ತನೆಯ ತರಗತಿ ಮುಗಿಸಿ ಕನ್ನಡ ಶಾಲೆಯಿಂದ ಬರುವ ಮಕ್ಕಳಿಗೆ ಬೇಸಿಗೆಯಲ್ಲಿ ಒಂದು ತಿಂಗಳ ಸೇತುವೆ ತರಗತಿ ನಡೆಸಿರಿ, ವಿವರಣೆ ಕನ್ನಡದಲ್ಲಿರಲಿ, ಪಾರಿಭಾಷಿಕ ಪದ ಇಂಗ್ಲಿಷಿನದೇ ಇರಲಿ. ಎಂ.ಎಸ್ಸಿ. ಪ್ರಾಜೆಕ್ಟುಗಳಲ್ಲಿ ವರ್ಷಕ್ಕೆ ಒಂದನ್ನಾದರೂ ಆ ತೆರೆದ ಪಟ್ಟಿಯ ಒಂದು ವಸ್ತುವಿನ ಮೇಲೆ ಮಾಡಿಸಿರಿ. ಇದಕ್ಕೆ ಮಿಷನ್ನಿನ ಹಣ ಬೇಡ, ಹೊಸ ಕಟ್ಟಡವೂ ಬೇಡ; ಬರುವ ಜೂನ್ ತಿಂಗಳಿನಿಂದಲೇ ಶುರು ಮಾಡಬಹುದು.